ಮಿಶ್ರ ದ್ರಾವಕಗಳಲ್ಲಿ ಲೋಹದ ಅಯಾನುಗಳು

ಲೋಹದ ಲವಣ ದ್ರವದಲ್ಲಿ ಕರಗಿದಾಗ ಅದರ ಅಯಾನುಗಳು ಒಂಟಿಯಾಗಿ ಇರುವುದಿಲ್ಲ. ಪ್ರತಿ ಅಯಾನಿನ ಸುತ್ತ ದ್ರಾವಕದ ಅಣುಗಳು ಗೊತ್ತಾದ ದಿಕ್ಕಿಗೆ ಮುಖಮಾಡಿ ನಿಂತು ಆವರಣ ಕಟ್ಟುತ್ತವೆ. ಇದಕ್ಕೆ ದ್ರಾವಕೀಕರಣ ಎಂದು ಹೆಸರು. ದ್ರಾವಕ ನೀರಾಗಿದ್ದರೆ ಜಲಯೋಜನೆ ಎನ್ನುತ್ತಾರೆ. ನೀರು ಮತ್ತು ಎಥನಾಲ್, ನೀರು ಮತ್ತು ಅಸಿಟೋನೈಟ್ರೈಲ್ ಹೀಗೆ ಎರಡೋ ಹೆಚ್ಚೋ ದ್ರವಗಳು ಬೆರೆತ ಮಾಧ್ಯಮ ಮಿಶ್ರ ದ್ರಾವಕ. ಇಂಥ ಮಿಶ್ರಣದಲ್ಲಿ ಅಯಾನಿನ ಪಕ್ಕದಲ್ಲಿರುವ ಅಣುಗಳ ಅನುಪಾತವು ಪಾತ್ರೆಯಲ್ಲಿರುವ ಅನುಪಾತಕ್ಕೆ ಸಮನಾಗಿರುವುದು ಅಪರೂಪ. ಒಂದು ದ್ರವ ಹತ್ತರಲ್ಲಿ ಒಂದು ಪಾಲು ಮಾತ್ರ ಇದ್ದರೂ ಅಯಾನಿನ ಸುತ್ತಲಿನ ಸ್ಥಾನಗಳನ್ನೆಲ್ಲ ಅದೇ ತುಂಬಬಹುದು. ಈ ಗುಣವೇ ಆಯ್ಕೆಯ ದ್ರಾವಕೀಕರಣ. ದ್ರಾವಣದ ಬಣ್ಣ, ವಿದ್ಯುದ್ವಾಹಕತೆ, ಲವಣದ ಕರಗುವಿಕೆ, ರಾಸಾಯನಿಕ ಕ್ರಿಯೆಯ ವೇಗ, ಬ್ಯಾಟರಿಯ ಬಾಳಿಕೆ ಇವೆಲ್ಲ ಅಯಾನಿನ ಪಕ್ಕದಲ್ಲಿ ಯಾವ ಅಣು ನಿಂತಿದೆ ಎಂಬುದನ್ನು ಅವಲಂಬಿಸಿವೆ.

ಬೆಳವಣಿಗೆ

ಕರಗಿದ ಲವಣ ಅಯಾನುಗಳಾಗಿ ಬೇರ್ಪಡುತ್ತದೆ ಎಂಬ ಸಿದ್ಧಾಂತವನ್ನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1880ರ ದಶಕದಲ್ಲಿ ಮುಂದಿಟ್ಟ. ಅಯಾನಿಗೂ ದ್ರಾವಕಕ್ಕೂ ಇರುವ ನಂಟಿನ ಬಗ್ಗೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಲೋಹದ ಅಯಾನು ತನ್ನ ಸುತ್ತ ನಿಶ್ಚಿತ ಸಂಖ್ಯೆಯ ಅಣುಗಳನ್ನು ನಿಶ್ಚಿತ ಆಕಾರದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ ಎಂದು 1893ರಲ್ಲಿ ಆಲ್‌ಫ್ರೆಡ್ ವರ್ನರ್ ಸೂಚಿಸಿದ. ಸಮನ್ವಯ ಸಂಯುಕ್ತಗಳ ಈ ಕೆಲಸಕ್ಕೆ ಅವನಿಗೆ 1913ರ ನೊಬೆಲ್ ಪ್ರಶಸ್ತಿ ಸಂದಿತು. 1920ರಲ್ಲಿ ಮ್ಯಾಕ್ಸ್ ಬಾರ್ನ್, ದ್ರಾವಕವನ್ನು ಅಣುಗಳಿಲ್ಲದ ಅಖಂಡ ಮಾಧ್ಯಮವೆಂದು ಎಣಿಸಿ, ಅಯಾನಿನ ಆವೇಶ, ತ್ರಿಜ್ಯ ಮತ್ತು ದ್ರಾವಕದ ಪರಾವೈದ್ಯುತ ಸ್ಥಿರಾಂಕ ಇಷ್ಟರಿಂದಲೇ ದ್ರಾವಕೀಕರಣದ ಶಕ್ತಿಯನ್ನು ಲೆಕ್ಕಹಾಕುವ ಸಮೀಕರಣ ಕೊಟ್ಟ. ನೀರಿನ ಅಣುಗಳ ರಚನೆಯನ್ನು ಗಣನೆಗೆ ತಂದ ಬರ್ನಾಲ್ ಮತ್ತು ಫೌಲರ್ ಅವರ ಮಾದರಿ 1933ರದು.

ಮಿಶ್ರ ದ್ರಾವಕಗಳ ಅಧ್ಯಯನಕ್ಕೆ ವೇಗ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಜರ್ಮನಿಯ ಹಾನ್ಸ್ ಸ್ಟ್ರೆಲೋ 1950ರ ದಶಕದಲ್ಲಿ ಬೆಳ್ಳಿಯ ನೈಟ್ರೇಟನ್ನು ನೀರು ಮತ್ತು ಅಸಿಟೋನೈಟ್ರೈಲ್ ಮಿಶ್ರಣದಲ್ಲಿ ಕರಗಿಸಿ ವಿದ್ಯುತ್ ಹಾಯಿಸಿದಾಗ, ಬೆಳ್ಳಿಯ ಅಯಾನು ಅಸಿಟೋನೈಟ್ರೈಲನ್ನೂ ನೈಟ್ರೇಟ್ ಅಯಾನು ನೀರನ್ನೂ ಜೊತೆಗೆ ಒಯ್ಯುವುದು ತಿಳಿದುಬಂತು. ಒಂದೇ ಲವಣದ ಎರಡು ಅಯಾನುಗಳು ಒಂದೇ ಮಿಶ್ರಣದಲ್ಲಿ ಬೇರೆ ಬೇರೆ ದ್ರವಗಳನ್ನು ಆರಿಸಿಕೊಂಡದ್ದಕ್ಕೆ ಇದು ಈಗಲೂ ಮೊದಲು ಹೇಳುವ ಉದಾಹರಣೆ. ಆಮೇಲೆ ವಿಕ್ಟರ್ ಗುಟ್‌ಮನ್, ಅಣುವೊಂದು ಇಲೆಕ್ಟ್ರಾನ್ ಜೋಡಿ ಕೊಡುವ ಸಾಮರ್ಥ್ಯವನ್ನು ಹೇಳುವ ದಾತೃ ಸಂಖ್ಯೆಯ ಅಳತೆಗೋಲನ್ನು ರೂಪಿಸಿದ. ರಾಲ್ಫ್ ಪಿಯರ್ಸನ್ 1963ರಲ್ಲಿ ಆಮ್ಲ–ಪ್ರತ್ಯಾಮ್ಲಗಳನ್ನು ಗಡಸು, ಮೆದು ಎಂದು ವಿಂಗಡಿಸಿದ. ಇಸ್ರೇಲಿನ ಯಿಝಾಕ್ ಮಾರ್ಕಸ್ ಮಿಶ್ರ ದ್ರಾವಕಗಳ ಅಂಕಿ–ಅಂಶಗಳನ್ನು ದಶಕಗಳ ಕಾಲ ಒಟ್ಟುಗೂಡಿಸಿ ಲೆಕ್ಕದ ಮಾದರಿಗಳನ್ನು ಕೊಟ್ಟ.

ಅಯಾನಿನ ಸುತ್ತಲಿನ ವಲಯಗಳು

ಅಯಾನಿಗೆ ನೇರವಾಗಿ ತಾಗಿಕೊಂಡಿರುವ ಅಣುಗಳದು ಮೊದಲ ಆವರಣ. ಅದರಲ್ಲಿರುವ ಅಣುಗಳ ಎಣಿಕೆಯೇ ಸಮನ್ವಯ ಸಂಖ್ಯೆ. ನೀರಿನಲ್ಲಿ ಲಿಥಿಯಂ ಅಯಾನಿಗೆ ಸಾಮಾನ್ಯವಾಗಿ 4, ಸೋಡಿಯಂಗೆ 5ರಿಂದ 6, ಪೊಟ್ಯಾಸಿಯಂಗೆ 6ರಿಂದ 7, ಮೆಗ್ನೀಸಿಯಂ, ಮ್ಯಾಂಗನೀಸ್, ಕೋಬಾಲ್ಟ್, ನಿಕ್ಕಲ್‌ಗಳ 2+ ಅಯಾನುಗಳಿಗೆ 6, ಕ್ಯಾಲ್ಸಿಯಂಗೆ 6ರಿಂದ 8 ನೀರಿನ ಅಣುಗಳು ಇರುತ್ತವೆ. ನೀರಿನ ಅಣು ತನ್ನ ಆಮ್ಲಜನಕದ ಬದಿಯನ್ನು ಲೋಹದ ಕಡೆಗೆ ತಿರುಗಿಸಿ ನಿಲ್ಲುತ್ತದೆ. ಮೆಗ್ನೀಸಿಯಂನಿಂದ ಆ ಆಮ್ಲಜನಕಕ್ಕೆ ಇರುವ ದೂರ ಸುಮಾರು 210 ಪಿಕೊಮೀಟರ್. ದೊಡ್ಡ ಗಾತ್ರದ ಪೊಟ್ಯಾಸಿಯಂನಿಂದ ಸುಮಾರು 280.

ಮೊದಲ ಆವರಣದ ಅಣುಗಳಿಗೆ ಜಲಜನಕ ಬಂಧದಿಂದ ಅಂಟಿಕೊಂಡದ್ದು ಎರಡನೆಯ ಆವರಣ. ಅದರಾಚೆಗೆ ಅಯಾನಿನ ಪ್ರಭಾವ ಕ್ಷೀಣಿಸಿ, ದ್ರವ ತನ್ನ ಸಹಜ ಜೋಡಣೆಗೆ ಮರಳುತ್ತದೆ. ನಡುವೆ ಎರಡೂ ಕ್ರಮಗಳ ಎಳೆದಾಟದಿಂದ ಜೋಡಣೆ ಕೆಟ್ಟ ಒಂದು ವಲಯವಿದೆ ಎಂದು 1957ರಲ್ಲಿ ಫ್ರಾಂಕ್ ಮತ್ತು ವೆನ್ ವಿವರಿಸಿದರು. ಸಣ್ಣ ಗಾತ್ರದ, ಹೆಚ್ಚು ಆವೇಶದ ಅಯಾನುಗಳು ನೀರಿನ ಜೋಡಣೆಯನ್ನು ಬಿಗಿಗೊಳಿಸುತ್ತವೆ. ಪೊಟ್ಯಾಸಿಯಂ, ಸೀಸಿಯಂನಂಥ ದೊಡ್ಡವು ಸಡಿಲಗೊಳಿಸುತ್ತವೆ.

ಬಂಧದ ಸ್ವರೂಪ

ಕ್ಷಾರ ಲೋಹಗಳ ಅಯಾನುಗಳಿಗೂ ದ್ರಾವಕದ ಅಣುಗಳಿಗೂ ನಡುವಿನ ಸೆಳೆತ ಬಹುಮಟ್ಟಿಗೆ ವಿದ್ಯುತ್‌ಸ್ಥಾಯಿಯಾದದ್ದು. ಅಯಾನಿನ ಧನಾವೇಶ, ಅಣುವಿನ ಋಣಬದಿಯನ್ನು ಎಳೆಯುತ್ತದೆ. ಆವೇಶ ಹೆಚ್ಚಿದಷ್ಟೂ ಈ ಸೆಳೆತ ತೀವ್ರ. ಜಲಯೋಜನೆಯಿಂದ ಹೊಮ್ಮುವ ಉಷ್ಣ ಪ್ರತಿ ಮೋಲ್ ಸೋಡಿಯಂ ಅಯಾನಿಗೆ ಸುಮಾರು 400 ಕಿಲೋಜೂಲ್. ಮೆಗ್ನೀಸಿಯಂಗೆ ಸುಮಾರು 1,900. 3+ ಆವೇಶದ ಅಲ್ಯೂಮಿನಿಯಂಗೆ 4,600ಕ್ಕೂ ಮಿಗಿಲು. ತಾಮ್ರ, ನಿಕ್ಕಲ್, ಕಬ್ಬಿಣದಂಥ ಸಂಕ್ರಮಣ ಲೋಹಗಳಲ್ಲಿ ಇದರ ಜೊತೆಗೆ ದ್ರಾವಕದ ಅಣು ತನ್ನ ಒಂಟಿ ಇಲೆಕ್ಟ್ರಾನ್ ಜೋಡಿಯನ್ನು ಲೋಹದ ಖಾಲಿ ಕಕ್ಷಕಕ್ಕೆ ನೀಡುವ ಕೊಡು–ಕೊಳ್ಳುವಿಕೆಯೂ ಸೇರುತ್ತದೆ. ಹೀಗಾಗಿ ಅಲ್ಲಿ ದಿಕ್ಕೂ ಆಕಾರವೂ ಖಚಿತ.

ಅಣುವೊಂದು ಇಲೆಕ್ಟ್ರಾನ್ ಜೋಡಿ ಕೊಡುವ ಸಾಮರ್ಥ್ಯವನ್ನು ಗುಟ್‌ಮನ್‌ನ ದಾತೃ ಸಂಖ್ಯೆ ಸೂಚಿಸುತ್ತದೆ. ಡೈಕ್ಲೋರೋಈಥೇನಿನಲ್ಲಿ ಆಂಟಿಮೊನಿ ಪೆಂಟಾಕ್ಲೋರೈಡ್ ಜೊತೆ ಆ ಅಣು ಕೂಡಿದಾಗ ಹೊಮ್ಮುವ ಉಷ್ಣವೇ ಇದರ ಆಧಾರ. ನೈಟ್ರೋಮೀಥೇನ್ 2.7, ಅಸಿಟೋನೈಟ್ರೈಲ್ 14.1, ಅಸಿಟೋನ್ 17, ನೀರು 18, ಮೆಥನಾಲ್ 19, ಡೈಮೀಥೈಲ್ ಸಲ್ಫಾಕ್ಸೈಡ್ 29.8, ಪಿರಿಡೀನ್ 33.1 ಎಂಬುವು ಕೆಲವು ಬೆಲೆಗಳು. ಜಲಜನಕ ಬಂಧದಿಂದ ಹೆಣೆದುಕೊಂಡ ದ್ರವರೂಪದ ನೀರು, ಒಂಟಿ ಅಣುವಿನ 18ಕ್ಕಿಂತ ಬಲವಾದ ದಾತೃವಿನಂತೆ ವರ್ತಿಸುತ್ತದೆ.

ಮಿಶ್ರಣದಲ್ಲಿ ಆಯ್ಕೆ

ಅಯಾನಿನ ಆಯ್ಕೆಯನ್ನು ಕಣ್ಣಾರೆ ಕಾಣಲು ಮೈಲುತುತ್ತ ಸಾಕು. ಇದು ತಾಮ್ರದ ಸಲ್ಫೇಟ್. ಇದನ್ನೇ ಸುಣ್ಣದ ಜೊತೆ ಕೂಡಿಸಿ ತೆಂಗು, ಅಡಿಕೆಗೆ ಬೋರ್ಡೋ ದ್ರಾವಣವಾಗಿ ಸಿಂಪಡಿಸುತ್ತಾರೆ. ಇದರ ನೀಲಿ ಹರಳಿನಲ್ಲಿ ಪ್ರತಿ ತಾಮ್ರದ ಅಯಾನಿಗೆ ನಾಲ್ಕು ನೀರಿನ ಅಣುಗಳು ಅಂಟಿರುತ್ತವೆ. ಐದನೆಯದು ಸಲ್ಫೇಟಿನ ಪಕ್ಕದಲ್ಲಿ ಜಲಜನಕ ಬಂಧದಿಂದ ಸಿಕ್ಕಿಕೊಂಡಿರುತ್ತದೆ. ಹರಳನ್ನು ಕಾಯಿಸಿ ನೀರನ್ನೆಲ್ಲ ಹೊರಗೋಡಿಸಿದರೆ ಬಿಳಿ ಪುಡಿ ಉಳಿಯುತ್ತದೆ. ಈ ಪುಡಿಯನ್ನು ಶುದ್ಧ ಎಥನಾಲ್‌ಗೆ ಹಾಕಿದರೆ ಬಿಳಿಯಾಗಿಯೇ ಇರುತ್ತದೆ. ತೂಕದಲ್ಲಿ ನೂರಕ್ಕೆ 4.4 ಭಾಗ ನೀರಿರುವ ರೆಕ್ಟಿಫೈಡ್ ಸ್ಪಿರಿಟ್‌ಗೆ ಹಾಕಿದರೆ ನೀಲಿಗೆ ತಿರುಗುತ್ತದೆ. ಲೆಕ್ಕ ಹಾಕಿ ನೋಡಿದರೆ ಅಂಥ ಸ್ಪಿರಿಟ್‌ನಲ್ಲಿ ಒಂದು ನೀರಿನ ಅಣುವಿಗೆ ಎಂಟೂವರೆಯಷ್ಟು ಎಥನಾಲ್ ಅಣುಗಳಿವೆ. ಅಷ್ಟು ಎಥನಾಲನ್ನು ಬಿಟ್ಟು ತಾಮ್ರ ಇರುವ ಅಲ್ಪಸ್ವಲ್ಪ ನೀರನ್ನೇ ಸೆಳೆದುಕೊಳ್ಳುತ್ತದೆ. ಮದ್ಯಸಾರದಲ್ಲಿ ನೀರಿದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಬಳಸುವುದು ಈ ಗುಣವನ್ನೇ.

ದಾತೃ ಸಂಖ್ಯೆಯೊಂದನ್ನೇ ನೋಡಿದರೆ ಆಲ್ಕೊಹಾಲ್‌ಗಳು ನೀರಿಗಿಂತ ಹಿಂದೆ ಬೀಳಬೇಕಾಗಿಲ್ಲ. ಆದರೆ ನೀರಿನ ಅಣು ಚಿಕ್ಕದು. ಎಥನಾಲಿನ ಬಾಲ ಪಕ್ಕದ ಅಣುವಿಗೆ ಅಡ್ಡವಾಗುತ್ತದೆ. ನೀರಿನ ಎರಡು ಜಲಜನಕಗಳೂ ಎರಡನೆಯ ಆವರಣದ ಜೊತೆ ಕೈಜೋಡಿಸಿ ಮೊದಲ ಆವರಣವನ್ನು ಭದ್ರಪಡಿಸುತ್ತವೆ; ಎಥನಾಲ್‌ಗೆ ಅಂಥ ಜಲಜನಕ ಒಂದೇ. ಆದ್ದರಿಂದ ಆಯ್ಕೆಯನ್ನು ನಿರ್ಧರಿಸುವುದು ಒಂದೇ ಗುಣವಲ್ಲ. ದಾತೃ ಸಾಮರ್ಥ್ಯ, ಅಣುವಿನ ಗಾತ್ರ, ಹೊರ ಆವರಣದ ಬೆಂಬಲ ಮೂರೂ ಕೂಡಿ ನಿರ್ಧರಿಸುತ್ತವೆ.

ಈ ಆಯ್ಕೆಯನ್ನು ಅಂಕಿಯಲ್ಲಿ ಹೇಳಲು ವರ್ಗಾವಣೆಯ ಗಿಬ್ಸ್ ಶಕ್ತಿಯನ್ನು ಬಳಸುತ್ತಾರೆ. ಒಂದು ಮೋಲ್ ಅಯಾನನ್ನು ನೀರಿನಿಂದ ಇನ್ನೊಂದು ದ್ರವಕ್ಕೆ ಸಾಗಿಸಿದಾಗ ಶಕ್ತಿಯಲ್ಲಾಗುವ ಬದಲಾವಣೆ ಇದು. ಬೆಲೆ ಋಣವಾಗಿದ್ದರೆ ಹೊಸ ದ್ರವ ಅಯಾನಿಗೆ ಒಗ್ಗಿತು ಎಂದರ್ಥ. ಅಸಿಟೋನೈಟ್ರೈಲಿಗೆ ಸಾಗಿಸಿದರೆ ಸೋಡಿಯಂಗೆ ಸುಮಾರು +15 ಕಿಲೋಜೂಲ್, ಬೆಳ್ಳಿಗೆ ಸುಮಾರು −23. ಡೈಮೀಥೈಲ್ ಸಲ್ಫಾಕ್ಸೈಡಿಗಾದರೆ ಸೋಡಿಯಂಗೆ ಸುಮಾರು −13, ಬೆಳ್ಳಿಗೆ ಸುಮಾರು −35. ಅಸಿಟೋನೈಟ್ರೈಲಿನ ದಾತೃ ಸಂಖ್ಯೆ ನೀರಿಗಿಂತ ಕಡಿಮೆ. ಆದರೂ ಬೆಳ್ಳಿ ಅದನ್ನು ಬಯಸಲು ಕಾರಣ ಪಿಯರ್ಸನ್‌ನ ವಿಂಗಡಣೆಯಲ್ಲಿದೆ. ಬೆಳ್ಳಿ ಮತ್ತು 1+ ಸ್ಥಿತಿಯ ತಾಮ್ರ ಮೆದು ಅಯಾನುಗಳು. ಸಾರಜನಕ, ಗಂಧಕಗಳಂಥ ದಾತೃಗಳತ್ತ ಅವು ವಾಲುತ್ತವೆ. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಗಡಸು ಅಯಾನುಗಳು. ಅವುಗಳ ಒಲವು ಆಮ್ಲಜನಕದ ಕಡೆಗೆ.

ಆವರಣದ ಬದಲಾವಣೆ ಒಮ್ಮೆಗೇ ಆಗುವುದಿಲ್ಲ. ಆರು ನೀರಿನ ಅಣುಗಳಿರುವ ಅಯಾನಿನ ಸುತ್ತ ಎರಡನೆಯ ದ್ರವವನ್ನು ಹೆಚ್ಚಿಸುತ್ತ ಹೋದರೆ ಮೊದಲು ಒಂದು ನೀರು ಜಾಗ ಬಿಡುತ್ತದೆ, ಆಮೇಲೆ ಎರಡು, ಹೀಗೆ ಆರು ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿಗೂ ತನ್ನದೇ ಸಮತೋಲ ಸ್ಥಿರಾಂಕವಿದೆ. ಮಧ್ಯದ ಮಿಶ್ರಣಗಳಲ್ಲಿ ಬೇರೆ ಬೇರೆ ಮೆಟ್ಟಿಲುಗಳ ಅಯಾನುಗಳು ಒಟ್ಟಿಗೇ ಇರುತ್ತವೆ. ಮೊದಲ ಆವರಣದಲ್ಲಿ ಎರಡು ದ್ರವಗಳೂ ಸಮಪಾಲಾಗುವ ಮಿಶ್ರಣವನ್ನು ಸಮದ್ರಾವಕೀಕರಣ ಬಿಂದು ಎನ್ನುತ್ತಾರೆ. ಆಯ್ಕೆ ಇಲ್ಲದಿದ್ದರೆ ಈ ಬಿಂದು ಸಮಪಾಲು ಮಿಶ್ರಣದಲ್ಲೇ ಬೀಳಬೇಕು. ಅದು ಅಲ್ಲಿಂದ ಎಷ್ಟು ದೂರ ಸರಿದಿದೆಯೋ ಆಯ್ಕೆ ಅಷ್ಟು ತೀವ್ರ.

ದ್ರವಗಳ ನಡುವಿನ ನಂಟು

ಅಯಾನು ಬರುವ ಮೊದಲೇ ಎರಡು ದ್ರವಗಳ ನಡುವೆ ಒಂದು ಸಂಬಂಧ ಇರುತ್ತದೆ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಎಥನಾಲ್ ಬೆರೆಸಿದರೆ 100 ಆಗದೆ ಸುಮಾರು 96 ಮಿಲಿಲೀಟರ್ ಆಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ 0.89, ಎಥನಾಲಿನದು ಸುಮಾರು 1.1 ಮಿಲಿಪಾಸ್ಕಲ್ ಸೆಕೆಂಡ್. ಎರಡೂ ಬೆರೆತ ಮಧ್ಯದ ಮಿಶ್ರಣದಲ್ಲಿ ಅದು 2.4ರವರೆಗೆ ಏರುತ್ತದೆ. ಡೈಮೀಥೈಲ್ ಸಲ್ಫಾಕ್ಸೈಡ್ ನೀರಿನೊಡನೆ ಎಷ್ಟು ಬಲವಾಗಿ ಬೆಸೆದುಕೊಳ್ಳುತ್ತದೆ ಎಂದರೆ ತಕ್ಕ ಪ್ರಮಾಣದ ಮಿಶ್ರಣ ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. ಅಸಿಟೋನೈಟ್ರೈಲ್ ಇದಕ್ಕೆ ವಿರುದ್ಧ. ಪೂರ್ತಿ ಬೆರೆತಂತೆ ಕಂಡರೂ ಅಣುಮಟ್ಟದಲ್ಲಿ ನೀರು ನೀರಿನ ಕಡೆಗೆ, ಅಸಿಟೋನೈಟ್ರೈಲ್ ಅಸಿಟೋನೈಟ್ರೈಲಿನ ಕಡೆಗೆ ಗುಂಪುಗೂಡುತ್ತವೆ. ಅಯಾನು ಒಂದು ಅಣುವನ್ನು ತನ್ನತ್ತ ಎಳೆಯಬೇಕಾದರೆ ಈ ನಂಟುಗಳಿಂದ ಅದನ್ನು ಬಿಡಿಸಿಕೊಳ್ಳಬೇಕು.

ಅಯಾನುಗಳ ಸೆಳೆತ ಮಿತಿಮೀರಿದರೆ ಮಿಶ್ರಣವೇ ಒಡೆಯುತ್ತದೆ. ನೀರು ಬೆರೆತ ಎಥನಾಲ್‌ಗೆ ಪೊಟ್ಯಾಸಿಯಂ ಕಾರ್ಬೊನೇಟನ್ನು ಧಾರಾಳವಾಗಿ ಹಾಕಿದರೆ ಅಯಾನುಗಳು ನೀರನ್ನು ಕಟ್ಟಿಹಾಕಿ ಎಥನಾಲನ್ನು ಹೊರದೂಡುತ್ತವೆ; ಅದು ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಇದಕ್ಕೆ ಲವಣೋಚ್ಚಾಟನೆ ಎನ್ನಬಹುದು. ಕಾಯಿ ಸುಲಿದು ಉಳಿದ ತೆಂಗಿನ ಸಿಪ್ಪೆಯನ್ನು ಸುಟ್ಟ ಬೂದಿಯಲ್ಲಿ ಹೇರಳವಾಗಿರುವುದು ಇದೇ ಲವಣ.

ಋಣ ಅಯಾನಿನ ಪಾಲು

ದ್ರಾವಕದ ಪರಾವೈದ್ಯುತ ಸ್ಥಿರಾಂಕ ಇಳಿದಷ್ಟೂ ಧನ ಮತ್ತು ಋಣ ಅಯಾನುಗಳು ಪರಸ್ಪರ ಹತ್ತಿರವಾಗುತ್ತವೆ. ನೀರಿನ ಸ್ಥಿರಾಂಕ 78, ಮೆಥನಾಲಿನದು 33, ಎಥನಾಲಿನದು 24, ಅಸಿಟೋನಿನದು 21, ಡೈಆಕ್ಸೇನಿನದು 2ಕ್ಕಿಂತ ತುಸು ಹೆಚ್ಚು. ನೀರಿನಲ್ಲಿ ದೂರ ದೂರ ಇದ್ದ ಅಯಾನುಗಳು ಅಸಿಟೋನ್ ಸೇರುತ್ತ ಹೋದಂತೆ ಜೋಡಿಯಾಗುತ್ತವೆ. ಈ ಜೋಡಿಗಳ ಸಿದ್ಧಾಂತವನ್ನು ನೀಲ್ಸ್ ಬೆರುಮ್ 1926ರಲ್ಲಿ ಕೊಟ್ಟ.

ಕೋಬಾಲ್ಟ್ ಕ್ಲೋರೈಡಿನ ಪ್ರಯೋಗ ಇದನ್ನು ಬಣ್ಣದಲ್ಲಿ ತೋರಿಸುತ್ತದೆ. ನೀರಿನಲ್ಲಿ ಕರಗಿಸಿದಾಗ ದ್ರಾವಣ ನಸುಗೆಂಪು: ಕೋಬಾಲ್ಟಿನ ಸುತ್ತ ಆರು ನೀರಿನ ಅಣುಗಳು, ಅಷ್ಟಮುಖಿ ಆಕಾರ. ಪ್ರನಾಳಕ್ಕೆ ಅಸಿಟೋನನ್ನು ಸುರಿಯುತ್ತ ಹೋದರೆ ಬಣ್ಣ ನೇರಳೆಯಾಗಿ ಕೊನೆಗೆ ಗಾಢ ನೀಲಿಗೆ ಬರುತ್ತದೆ. ಈಗ ಕೋಬಾಲ್ಟಿನ ಸುತ್ತ ಕ್ಲೋರೈಡ್ ಅಯಾನುಗಳು ಬಂದು ನಿಂತಿವೆ. ಆಕಾರ ಚತುರ್ಮುಖಿ, ಸಮನ್ವಯ ಸಂಖ್ಯೆ ಆರರಿಂದ ನಾಲ್ಕಕ್ಕೆ ಇಳಿದಿದೆ. ಮತ್ತೆ ನೀರು ಹಾಕಿದರೆ ನಸುಗೆಂಪು ಮರಳುತ್ತದೆ. ಇಲ್ಲಿ ಅಸಿಟೋನ್ ತಾನಾಗಿ ಕೋಬಾಲ್ಟಿಗೆ ಬಿಗಿಯಾಗಿ ಅಂಟಿದ್ದಲ್ಲ. ನೀರಿನ ಪಾಲನ್ನು ತಗ್ಗಿಸಿ, ಕ್ಲೋರೈಡನ್ನು ನೀರಿನ ಹಿಡಿತದಿಂದ ಬಿಡಿಸಿ, ಅದಕ್ಕೆ ಲೋಹದ ಪಕ್ಕದಲ್ಲಿ ಎಡೆಮಾಡಿಕೊಟ್ಟಿತು. ಮಿಶ್ರ ದ್ರಾವಕಗಳಲ್ಲಿ ಆಗುವ ಬದಲಾವಣೆಗಳಲ್ಲಿ ಋಣ ಅಯಾನಿನ ಪಾಲನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ವಿನಿಮಯ ಮತ್ತು ಚಲನೆ

ಆವರಣದ ಅಣುಗಳು ಶಾಶ್ವತವಾಗಿ ಅಲ್ಲೇ ಇರುವುದಿಲ್ಲ. ಹೊರಗಿನ ಅಣುಗಳೊಡನೆ ಜಾಗ ಬದಲಾಯಿಸುತ್ತಿರುತ್ತವೆ. ಸೋಡಿಯಂ, ಪೊಟ್ಯಾಸಿಯಂಗಳ ಪಕ್ಕದಲ್ಲಿ ನೀರಿನ ಅಣು ನಿಲ್ಲುವುದು ಸೆಕೆಂಡಿನ ಸಾವಿರ ಕೋಟಿಯಲ್ಲೊಂದು ಪಾಲಿನ ಆಸುಪಾಸು. ಮೆಗ್ನೀಸಿಯಂ ಬಳಿ ಅದು ಒಂದೆರಡು ಮೈಕ್ರೋಸೆಕೆಂಡ್, ನಿಕ್ಕಲ್ ಬಳಿ ಸುಮಾರು 30 ಮೈಕ್ರೋಸೆಕೆಂಡ್, ಅಲ್ಯೂಮಿನಿಯಂ ಬಳಿ ಒಂದು ಸೆಕೆಂಡಿನಷ್ಟು ಉಳಿಯುತ್ತದೆ. 3+ ಕ್ರೋಮಿಯಂ ಬಳಿಯಾದರೆ ಕೆಲವು ದಿನಗಳು. ಇರಿಡಿಯಂ ಬಳಿ ಶತಮಾನಗಳು. ವಿನಿಮಯ ನಿಧಾನವಾದ ಲೋಹದ ಲವಣವನ್ನು ಒಂದು ದ್ರವದಿಂದ ತೆಗೆದು ಮಿಶ್ರಣಕ್ಕೆ ಹಾಕಿದರೆ ಹಳೆಯ ಆವರಣವೇ ಬಹುಕಾಲ ಉಳಿದಿರುತ್ತದೆ. ಮೈಕ್ರೋಸೆಕೆಂಡುಗಳಲ್ಲಿ ಮುಗಿಯುವ ವಿನಿಮಯದಂಥ ಅತಿವೇಗದ ಕ್ರಿಯೆಗಳನ್ನು ಅಳೆಯುವ ದಾರಿ ತೋರಿದ ಮ್ಯಾನ್‌ಫ್ರೆಡ್ ಐಗನ್ 1967ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬ.

ವಿದ್ಯುತ್ ಕ್ಷೇತ್ರದಲ್ಲಿ ಅಯಾನುಗಳು ಚಲಿಸುವ ವೇಗದಲ್ಲೂ ಒಂದು ವಿಪರ್ಯಾಸವಿದೆ. ಚಿಕ್ಕದಾದ ಲಿಥಿಯಂ ವೇಗವಾಗಿ ಓಡಬೇಕಿತ್ತು. ಆದರೆ ನೀರಿನಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂಗಳ ಮೋಲಾರ್ ವಾಹಕತೆ ಕ್ರಮವಾಗಿ 38.7, 50.1, 73.5. ಚಿಕ್ಕ ಅಯಾನು ನೀರಿನ ಅಣುಗಳನ್ನು ಗಟ್ಟಿಯಾಗಿ ಕಟ್ಟಿಕೊಂಡು ಸಾಗುತ್ತದೆ ಎಂಬುದು ಹಳೆಯ ವಿವರಣೆ. ಅಯಾನು ಮುಂದೆ ಸರಿದಾಗ ಸುತ್ತಲಿನ ಅಣುಗಳು ಹೊಸ ಸ್ಥಾನಕ್ಕೆ ತಕ್ಷಣ ಹೊರಳಲಾರದೆ ಎಳೆತ ಒಡ್ಡುತ್ತವೆ ಎಂಬುದು ಇನ್ನೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಮನ್ ಬಾಗ್ಚಿ ಮತ್ತು ರಂಜಿತ್ ಬಿಸ್ವಾಸ್ 1990ರ ದಶಕದಲ್ಲಿ ಈ ಎರಡನೆಯ ದಾರಿಯನ್ನು ಅಣುಮಟ್ಟಕ್ಕೆ ಒಯ್ದರು. ದ್ರಾವಕದ ಅಣುಗಳು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಮಾಡುವ ಅತಿವೇಗದ ಹೊರಳಾಟವೇ, ಅಯಾನಿನ ನಿಧಾನ ಚಲನೆಯನ್ನು ನಿಯಂತ್ರಿಸುತ್ತದೆ ಎಂದು ಅವರ ಸಿದ್ಧಾಂತ ತೋರಿಸಿತು.

ಅಳೆಯುವ ವಿಧಾನಗಳು

ಮೊದಲ ಆವರಣವನ್ನು ತಿಳಿಯಲು ರಾಮನ್ ರೋಹಿತ ಬಹಳ ನೆರವಾಗುತ್ತದೆ. 1928ರಲ್ಲಿ ಕೋಲ್ಕತ್ತದಲ್ಲಿ ಈ ಪರಿಣಾಮವನ್ನು ಕಂಡ ಸಿ. ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಉಳಿದರು. ಅಸಿಟೋನೈಟ್ರೈಲ್ ಅಣುವಿನ ಇಂಗಾಲ–ಸಾರಜನಕ ಬಂಧ ಬಿಡಿಯಾಗಿದ್ದಾಗ ಸೆಂಟಿಮೀಟರಿಗೆ 2253 ಅಲೆಗಳ ಬಳಿ ಗೆರೆ ಕೊಡುತ್ತದೆ. ಲಿಥಿಯಂಗೆ ಅಂಟಿದಾಗ ಅದರ ಪಕ್ಕದಲ್ಲಿ 2275ರ ಆಸುಪಾಸು ಇನ್ನೊಂದು ಗೆರೆ ಮೂಡುತ್ತದೆ. ಎರಡೂ ಗೆರೆಗಳ ತೀಕ್ಷ್ಣತೆಯನ್ನು ಹೋಲಿಸಿದರೆ ಎಷ್ಟು ಅಣುಗಳು ಲೋಹದ ಪಕ್ಕದಲ್ಲಿವೆ ಎಂಬ ಲೆಕ್ಕ ಸಿಗುತ್ತದೆ. ಪರಮಾಣು ಕಾಂತೀಯ ಅನುರಣನದಲ್ಲಿ (ಎನ್‌ಎಂಆರ್) ಸೋಡಿಯಂ ಇಲ್ಲವೇ ಲಿಥಿಯಂ ಬೀಜದ ಸಂಕೇತ ಮಿಶ್ರಣದೊಂದಿಗೆ ಸರಿಯುವುದನ್ನು ನೋಡಿ ಸಮದ್ರಾವಕೀಕರಣ ಬಿಂದುವನ್ನು ಗುರುತಿಸುತ್ತಾರೆ. ಲೋಹದಿಂದ ನೆರೆಯ ಪರಮಾಣುವಿಗೆ ಇರುವ ದೂರವನ್ನು ಎಕ್ಸ್–ಕಿರಣಗಳ ಹೀರಿಕೆಯಿಂದ ತಿಳಿಯಬಹುದು. ಇಂದೋರಿನ ಇಂಡಸ್–2 ಸಿಂಕ್ರೊಟ್ರಾನ್‌ನಲ್ಲಿ ಇಂಥ ಸೌಲಭ್ಯವಿದೆ. ಕಂಪ್ಯೂಟರಿನಲ್ಲಿ ಸಾವಿರಾರು ಅಣುಗಳ ಚಲನೆಯನ್ನು ಅನುಸರಿಸುವ ಅನುಕರಣ ಈಗ ಪ್ರಯೋಗದಷ್ಟೇ ಮುಖ್ಯ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಬಗೆಯ ಅಧ್ಯಯನಗಳು ನಡೆದಿವೆ.

ತೆಂಗಿನ ಸೀಮೆಯ ನಿದರ್ಶನಗಳು

ಕರ್ನಾಟಕದಲ್ಲಿ ತೆಂಗು ಬೆಳೆಯುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನೆಲ, ನೀರು, ಬೆಳೆ ಮೂರರಲ್ಲೂ ಈ ವಿಷಯದ ನಿದರ್ಶನಗಳು ಸಿಗುತ್ತವೆ. ಚಿಕ್ಕನಾಯಕನಹಳ್ಳಿ ಶಿಲಾಪಟ್ಟಿಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು, ಸುಣ್ಣಕಲ್ಲು ಇವೆ. ಕಬ್ಬಿಣದ ಅಂಶವಿರುವ ಕೊಳವೆಬಾವಿಯ ನೀರು ಮೇಲೆ ಬಂದಾಗ ತಿಳಿಯಾಗಿದ್ದು, ಬಿಂದಿಗೆಯಲ್ಲಿ ಹೊತ್ತು ಕಳೆದಂತೆ ಕೆಂಪುಗಂದು ಬಣ್ಣಕ್ಕೆ ತಿರುಗಿ ತಳದಲ್ಲಿ ಗಸಿ ಕಟ್ಟುತ್ತದೆ. ಆಮ್ಲಜನಕವಿಲ್ಲದ ಆಳದಲ್ಲಿ ಕಬ್ಬಿಣ 2+ ಸ್ಥಿತಿಯಲ್ಲಿ, ಆರು ನೀರಿನ ಅಣುಗಳ ನಡುವೆ ಶಾಂತವಾಗಿರುತ್ತದೆ. ಗಾಳಿ ತಾಗಿ 3+ ಆದೊಡನೆ ಅದರ ಸೆಳೆತ ಹೆಚ್ಚಿ, ಪಕ್ಕದ ನೀರಿನ ಅಣುಗಳು ಪ್ರೋಟಾನ್ ಬಿಟ್ಟುಕೊಡುತ್ತವೆ. ಆರು ನೀರಿನ ಅಣುಗಳ 3+ ಕಬ್ಬಿಣ ವಿನೆಗರ್‌ನ ಅಸಿಟಿಕ್ ಆಮ್ಲಕ್ಕಿಂತ ಬಲವಾದ ಆಮ್ಲ. ಹೀಗೆ ಪ್ರೋಟಾನ್ ಕಳೆದುಕೊಂಡ ಅಯಾನುಗಳು ಒಂದಕ್ಕೊಂದು ಕೂಡಿಕೊಂಡು ಹೈಡ್ರಾಕ್ಸೈಡ್ ಆಗಿ ಕೆಳಗಿಳಿಯುತ್ತವೆ.

ನೀರಿನ ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ. ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿಯಿದೆ. ಕಾಲೇಜು ಪ್ರಯೋಗಾಲಯದಲ್ಲಿ ಇದನ್ನು ಅಳೆಯುವುದು ಇಡಿಟಿಎ ಅನುಮಾಪನದಿಂದ. ಆರು ಕಡೆಯಿಂದ ಹಿಡಿಯಬಲ್ಲ ಒಂದು ಇಡಿಟಿಎ ಅಣು ಕ್ಯಾಲ್ಸಿಯಂ ಸುತ್ತಲಿನ ಹಲವು ನೀರಿನ ಅಣುಗಳನ್ನು ಒಟ್ಟಿಗೆ ತೆರವುಗೊಳಿಸುತ್ತದೆ. ಬಿಡುಗಡೆಯಾದ ನೀರಿನ ಅಣುಗಳ ಸ್ವಾತಂತ್ರ್ಯ ಈ ಕ್ರಿಯೆಯನ್ನು ಮುಂದಕ್ಕೆ ತಳ್ಳುವ ಬಲಗಳಲ್ಲಿ ಒಂದು. ಸೂಚಕದ ದ್ರಾಕ್ಷಾಕೆಂಪು ನೀಲಿಯಾದಾಗ ಅನುಮಾಪನ ಮುಗಿಯುತ್ತದೆ.

ಬೆಳೆದ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ವ್ಯಾಪಕವಾದ ಶಿಫಾರಸು. ಅಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಲೆಕ್ಕದಲ್ಲಿ ಇದು ಎರಡು ಕಿಲೋ. ಬೇರಿನ ಕೋಶಪೊರೆಯನ್ನು ದಾಟಿ ಒಳಹೋಗುವಾಗ ಪೊಟ್ಯಾಸಿಯಂ ತನ್ನ ನೀರಿನ ಆವರಣವನ್ನು ಕಳಚಬೇಕು. ಪೊರೆಯ ಪ್ರೋಟೀನ್ ಕಾಲುವೆಯಲ್ಲಿರುವ ಆಮ್ಲಜನಕಗಳು ನೀರಿನ ಜಾಗವನ್ನು ತುಂಬಿ ಆ ನಷ್ಟವನ್ನು ಸರಿದೂಗಿಸುತ್ತವೆ. ಕಾಲುವೆಯ ಅಳತೆ ಪೊಟ್ಯಾಸಿಯಂಗೆ ಹೊಂದುತ್ತದೆ, ಚಿಕ್ಕ ಸೋಡಿಯಂಗೆ ಹೊಂದುವುದಿಲ್ಲ. ಇಂಥ ಕಾಲುವೆಯ ರಚನೆಯನ್ನು ರೋಡರಿಕ್ ಮ್ಯಾಕಿನಾನ್ 1998ರಲ್ಲಿ, ಒಂದು ಬ್ಯಾಕ್ಟೀರಿಯಾದ ಪ್ರೋಟೀನಿನಲ್ಲಿ, ತೋರಿಸಿದ. ಎಳನೀರಿನಲ್ಲಿ ಸೋಡಿಯಂಗಿಂತ ಪೊಟ್ಯಾಸಿಯಂ ಬಹಳ ಹೆಚ್ಚು.

ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾ ಹುಳಿಯದಂತೆ ಮಡಕೆಯ ಒಳಮೈಗೆ ಸುಣ್ಣ ಬಳಿಯುವುದು ಹಿಂದಿನಿಂದ ಬಂದ ರೂಢಿ. ಸುಣ್ಣದ ಕ್ಷಾರತೆ ಯೀಸ್ಟ್‌ಗಳನ್ನು ತಡೆಯುತ್ತದೆ. ಸಾದಾ ನೀರಿನಲ್ಲಿ ಸುಣ್ಣ ಲೀಟರಿಗೆ ಎರಡು ಗ್ರಾಂ ಸಹ ಕರಗದು. ಸಕ್ಕರೆ ಇರುವ ನೀರಾದಲ್ಲಿ ಹೆಚ್ಚು ಕರಗುತ್ತದೆ, ಏಕೆಂದರೆ ಸುಕ್ರೋಸಿನ ಆಮ್ಲಜನಕಗಳು ಕ್ಯಾಲ್ಸಿಯಂ ಸುತ್ತಲಿನ ಕೆಲವು ನೀರಿನ ಅಣುಗಳ ಜಾಗಕ್ಕೆ ಬಂದು ಸಂಯುಕ್ತ ಕಟ್ಟುತ್ತವೆ. ಸಕ್ಕರೆ ಘನವಸ್ತುವಾದ್ದರಿಂದ ಇದನ್ನು ಮಿಶ್ರ ದ್ರಾವಕ ಎನ್ನಲಾಗದು, ಆದರೆ ಪೈಪೋಟಿಯ ತತ್ವ ಒಂದೇ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ ತಂಪುಪೆಟ್ಟಿಗೆಯ ವಿಧಾನದಲ್ಲಿ ಸುಣ್ಣವಿಲ್ಲದೆ, ಬರಿಯ ತಂಪಿನಿಂದಲೇ ರಸವನ್ನು ಕೆಡದಂತೆ ಇಡುತ್ತಾರೆ. ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟಿದ್ದಾರೆ.

ತಡೆಯದೆ ಬಿಟ್ಟರೆ ನೀರಾ ಹುದುಗಿ ಹೆಂಡವಾಗುತ್ತದೆ; ಆಗ ಅದು ನಿಜಕ್ಕೂ ಮಿಶ್ರ ದ್ರಾವಕ. ಗಾತ್ರದಲ್ಲಿ ನೂರಕ್ಕೆ 5 ಪಾಲು ಎಥನಾಲ್ ಇದೆ ಎಂದುಕೊಂಡರೆ, ಒಂದು ಎಥನಾಲ್ ಅಣುವಿಗೆ 60ರಷ್ಟು ನೀರಿನ ಅಣುಗಳಿರುತ್ತವೆ. ನೀರಿನ ಕಡೆಗೇ ವಾಲುವ ಪೊಟ್ಯಾಸಿಯಂ ಅಯಾನಿನ ಆವರಣ ಅಲ್ಲಿ ಬಹುತೇಕ ಬದಲಾಗುವುದಿಲ್ಲ.

ತಿಪಟೂರಿನ ಕೊಬ್ಬರಿಯಿಂದ ತೆಗೆದ ಎಣ್ಣೆಯನ್ನು ಪರೀಕ್ಷಿಸುವಾಗ ಮದ್ಯಸಾರ ಮಾಧ್ಯಮವಾಗಿ ಬರುತ್ತದೆ. ಸಾಬೂನೀಕರಣ ಮೌಲ್ಯವನ್ನು ಅಳೆಯಲು ಎಣ್ಣೆಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಜೊತೆ ಕುದಿಸಬೇಕು. ನೀರಿನಲ್ಲಿ ಕರಗಿದ ಕ್ಷಾರ ಎಣ್ಣೆಯೊಡನೆ ಬೆರೆಯದು. ಎಥನಾಲಿನಲ್ಲಿ ಕರಗಿಸಿದರೆ ಎರಡೂ ಒಂದೆಡೆ ಸೇರುತ್ತವೆ, ನೀರಿನ ಹಿಡಿತ ತಗ್ಗಿದ ಕ್ಷಾರ ಹೆಚ್ಚು ಚುರುಕಾಗಿ ವರ್ತಿಸುತ್ತದೆ. ಕೊಬ್ಬರಿ ಎಣ್ಣೆಗೆ ಈ ಮೌಲ್ಯ 250ರ ಆಚೀಚೆ ಬರುತ್ತದೆ. ಬಹುತೇಕ ಅಡುಗೆ ಎಣ್ಣೆಗಳದು 200ಕ್ಕಿಂತ ಕಡಿಮೆ.

ಕೈಗಾರಿಕೆಯಲ್ಲಿ ಉಪಯೋಗ

ಮಿಶ್ರ ದ್ರಾವಕಗಳ ಬಹುದೊಡ್ಡ ಬಳಕೆ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿದೆ. ಎಥಿಲೀನ್ ಕಾರ್ಬೊನೇಟ್ ಲವಣವನ್ನು ಚೆನ್ನಾಗಿ ಕರಗಿಸುತ್ತದೆ. ಆದರೆ 36 ಡಿಗ್ರಿಯವರೆಗೂ ಘನ. ಡೈಮೀಥೈಲ್ ಕಾರ್ಬೊನೇಟ್ ತೆಳುದ್ರವ. ಆದರೆ ಪರಾವೈದ್ಯುತ ಸ್ಥಿರಾಂಕ ಕೇವಲ 3. ಎರಡನ್ನೂ ಬೆರೆಸಿದರೆ ಲವಣ ಕರಗುತ್ತದೆ, ಅಯಾನು ಸರಾಗವಾಗಿ ಚಲಿಸುತ್ತದೆ. ಲಿಥಿಯಂ ಸುತ್ತಲಿನ ನಾಲ್ಕು ಸ್ಥಾನಗಳನ್ನು ಹಂಚಿಕೊಂಡ ಅಣುಗಳೇ ಮೊದಲ ಚಾರ್ಜ್ ವೇಳೆ ಗ್ರಾಫೈಟ್ ಮೇಲ್ಮೈಯಲ್ಲಿ ವಿಭಜನೆಗೊಂಡು ತೆಳುಪೊರೆ ಕಟ್ಟುತ್ತವೆ. ಎಥಿಲೀನ್ ಕಾರ್ಬೊನೇಟ್ ಕಟ್ಟುವ ಪೊರೆ ಭದ್ರವಾಗಿ ನಿಂತು ಗ್ರಾಫೈಟನ್ನು ಕಾಪಾಡುತ್ತದೆ. ಒಂದೇ ಒಂದು ಮೀಥೈಲ್ ಗುಂಪು ಹೆಚ್ಚಿರುವ ಪ್ರೊಪಿಲೀನ್ ಕಾರ್ಬೊನೇಟ್ ಲಿಥಿಯಂ ಜೊತೆ ಗ್ರಾಫೈಟಿನ ಪದರಗಳೊಳಗೆ ನುಗ್ಗಿ ಅವನ್ನು ಸುಲಿದುಹಾಕುತ್ತದೆ. ಸೋನಿ ಕಂಪನಿ 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಈ ಬ್ಯಾಟರಿಯ ಹಿಂದಿನ ಸಂಶೋಧನೆಗೆ 2019ರ ರಸಾಯನವಿಜ್ಞಾನ ನೊಬೆಲ್ ದೊರೆಯಿತು.

ತಾಮ್ರದ ಶುದ್ಧೀಕರಣಕ್ಕೂ ಆಯ್ಕೆಯ ದ್ರಾವಕೀಕರಣದ ತತ್ವವನ್ನು ಅನ್ವಯಿಸಿದ್ದಾರೆ. 1+ ಸ್ಥಿತಿಯ ತಾಮ್ರ ನೀರಿನಲ್ಲಿ ನಿಲ್ಲದೆ ಲೋಹ ಮತ್ತು 2+ ಅಯಾನಾಗಿ ಒಡೆಯುತ್ತದೆ. ಅಸಿಟೋನೈಟ್ರೈಲ್ ಬೆರೆಸಿದರೆ ಅದು ಅಣುಗಳ ಆಸರೆ ಪಡೆದು ಉಳಿಯುತ್ತದೆ. ಆಸ್ಟ್ರೇಲಿಯದ ಆಲನ್ ಪಾರ್ಕರ್ ಇದನ್ನು ಆಧರಿಸಿ ಶುದ್ಧೀಕರಣದ ವಿಧಾನ ರೂಪಿಸಿದ. ಅಸಿಟೋನೈಟ್ರೈಲನ್ನು ಆವಿಯಾಗಿಸಿ ತೆಗೆದೊಡನೆ ಶುದ್ಧ ತಾಮ್ರ ಬೇರ್ಪಡುತ್ತದೆ. ಯುರೇನಿಯಂನಂಥ ಲೋಹಗಳನ್ನು ನೀರಿನಿಂದ ಸೀಮೆಎಣ್ಣೆಯಂಥ ದ್ರವಕ್ಕೆ ಸೆಳೆಯುವ ದ್ರಾವಕ ನಿಷ್ಕರ್ಷಣೆಯಲ್ಲಿ ಟ್ರೈಬ್ಯುಟೈಲ್ ಫಾಸ್ಫೇಟ್ ಅಣುಗಳು ಲೋಹಕ್ಕೆ ಅಂಟಿದ ನೀರನ್ನು ತೆರವುಗೊಳಿಸುತ್ತವೆ.

ಆಯ್ಕೆಯ ಬಲ ದ್ರಾವಕದೊಂದಿಗೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಚಾರ್ಲ್ಸ್ ಪೆಡರ್‌ಸನ್ 1967ರಲ್ಲಿ ಪ್ರಕಟಿಸಿದ ಕಿರೀಟ ಈಥರ್‌ಗಳು ಉತ್ತಮ ಮಾನದಂಡ. ಆರು ಆಮ್ಲಜನಕಗಳ ಉಂಗುರದಂಥ ಒಂದು ಕಿರೀಟ ಈಥರ್ ಪೊಟ್ಯಾಸಿಯಂ ಅನ್ನು ನೀರಿನಲ್ಲಿ ಹಿಡಿದಿಡುವುದಕ್ಕಿಂತ ಮೆಥನಾಲಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ಬಲವಾಗಿ ಹಿಡಿಯುತ್ತದೆ. ಉಂಗುರವೂ ಅಯಾನೂ ಅವೇ. ಬದಲಾದದ್ದು ಅಯಾನನ್ನು ಬಿಟ್ಟುಕೊಡಲು ದ್ರಾವಕ ತೋರುವ ಪ್ರತಿರೋಧ.

ಬಗೆಹರಿಯದ ಪ್ರಶ್ನೆಗಳು

ಧನ ಅಯಾನನ್ನು ಋಣ ಅಯಾನಿನಿಂದ ಬೇರ್ಪಡಿಸಿ ಒಂಟಿಯಾಗಿ ತೂಗಲು ಉಷ್ಣಬಲವಿಜ್ಞಾನದಲ್ಲಿ ದಾರಿಯಿಲ್ಲ. ಪ್ರಯೋಗ ಕೊಡುವುದು ಇಡೀ ಲವಣದ ವರ್ಗಾವಣೆ ಶಕ್ತಿಯ ಬೆಲೆಯನ್ನು. ಅದನ್ನು ಎರಡು ಅಯಾನುಗಳಿಗೆ ಹಂಚಲು ಟೆಟ್ರಾಫಿನೈಲ್ ಆರ್ಸೋನಿಯಂ ಮತ್ತು ಟೆಟ್ರಾಫಿನೈಲ್ ಬೋರೇಟ್ ಎಂಬ ಎರಡು ದೊಡ್ಡ, ಒಂದೇ ಅಳತೆಯ ಅಯಾನುಗಳ ಬೆಲೆ ಸಮ ಎಂದು ಭಾವಿಸುತ್ತಾರೆ. ಮೇಲೆ ಕೊಟ್ಟ ಸೋಡಿಯಂ, ಬೆಳ್ಳಿಗಳ ಅಂಕಿಗಳು ಈ ಊಹೆಯ ಮೇಲೆ ನಿಂತಿವೆ. ಊಹೆ ಬದಲಾದರೆ ಅಂಕಿಗಳೂ ಬದಲಾಗುತ್ತವೆ.

ಬ್ಯಾಟರಿಯ ಮಿಶ್ರಣಗಳಲ್ಲಿ ಲಿಥಿಯಂ ಪಕ್ಕದಲ್ಲಿ ಯಾವ ಕಾರ್ಬೊನೇಟ್ ಹೆಚ್ಚು ಎಂಬ ಪ್ರಶ್ನೆಗೂ ಉತ್ತರ ವಿಧಾನದಿಂದ ವಿಧಾನಕ್ಕೆ ಬೇರೆ. ಅನೇಕ ರೋಹಿತ ಅಧ್ಯಯನಗಳು ಎಥಿಲೀನ್ ಕಾರ್ಬೊನೇಟನ್ನು ಸೂಚಿಸಿದರೆ, ಕೆಲವು ಕಂಪ್ಯೂಟರ್ ಅನುಕರಣಗಳಲ್ಲಿ ಎರಡರ ನಡುವೆ ಅಂಥ ಅಂತರ ಕಾಣುವುದಿಲ್ಲ. ಲವಣದ ಪ್ರಮಾಣ ತೀರ ಹೆಚ್ಚಾದಾಗ ಬಿಡಿ ದ್ರಾವಕದ ಅಣುಗಳೇ ವಿರಳವಾಗಿ, ಆವರಣ ಮತ್ತು ಹೊರದ್ರವ ಎಂಬ ಭೇದವೇ ಅಳಿಯುತ್ತದೆ. ಬೆಂಕಿ ಹೊತ್ತದ, ಹೆಚ್ಚು ವೋಲ್ಟೇಜ್ ತಡೆಯಬಲ್ಲ ವಿದ್ಯುದ್ವಿಚ್ಛೇದ್ಯಗಳಿಗಾಗಿ ಈಗ ಪರೀಕ್ಷೆಗೆ ಒಳಗಾಗುತ್ತಿರುವುದು ಇಂಥ ದ್ರಾವಣಗಳು. ದುರ್ಬಲ ದ್ರಾವಣಗಳಿಗಾಗಿ ಕಟ್ಟಿದ ಮೆಟ್ಟಿಲು ಸಮತೋಲಗಳ ಲೆಕ್ಕ ಅವಕ್ಕೆ ಸಾಲದು.